ಎತ್ತುವ ಕೈಯಲ್ಲೇ ಪೆಟ್ಟು

ಜಪಾನಿನ ನಿಯಿಗಾತ ಬಂದರಿನಿಂದ ಸಾದೊ ದ್ವೀಪಕ್ಕೆ ಹೋಗಲು ಎರಡು ದಾರಿ. ಅಲೆಯ ಮೇಲೆ ಎದ್ದು ನಿಂತು ಓಡುವ ಜೆಟ್‌ಫಾಯಿಲ್ ಹತ್ತಿದರೆ ಒಂದು ಗಂಟೆ ಚಿಲ್ಲರೆ. ಕಾರು, ಲಾರಿಗಳನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು ಹೊರಡುವ ದೊಡ್ಡ ಹಡಗಾದರೆ ಎರಡೂವರೆ ಗಂಟೆ. ನಾವು ಹಡಗು ಹತ್ತಿದೆವು. "ಗಡೀಪಾರಾಗಿ ಹೋಗುವವರು ಅವಸರ ಮಾಡಬಾರದು ಮಾರಾಯ" ಎಂದು ಗೆಳೆಯ ನಕ್ಕ.

ಅವನ ತಮಾಷೆಯಲ್ಲಿ ಚರಿತ್ರೆಯೂ ಇತ್ತು. ಶತಮಾನಗಳ ಕಾಲ ಸಾದೊ ಎಂದರೆ ಅರಸೊತ್ತಿಗೆಗೆ ಬೇಡವಾದವರನ್ನು ಅಟ್ಟುವ ಜಾಗ. 1221ರಲ್ಲಿ ಪಟ್ಟದಿಂದಿಳಿದಿದ್ದ ಚಕ್ರವರ್ತಿ ಜುಂತೊಕುವನ್ನು ಇಲ್ಲಿಗೆ ಕಳಿಸಿದರು. ಐವತ್ತು ವರ್ಷದ ಮೇಲೆ ಬೌದ್ಧ ಗುರು ನಿಚಿರೆನ್ ಬಂದರು. ನೋ ರಂಗಭೂಮಿಯ ಮಹಾ ಆಚಾರ್ಯ ಝೆಯಾಮಿ 1434ರಲ್ಲಿ ಈ ಕಡಲು ದಾಟುವಾಗ ಎಪ್ಪತ್ತು ಮೀರಿದ ಮುದುಕ. ಆಮೇಲೆ 1601ರಿಂದ ಚಿನ್ನದ ಗಣಿಯ ಭರಾಟೆ. ಗಣಿಗಾರಿಕೆ 1989ರಲ್ಲಿ ನಿಂತು, 2024ರಲ್ಲಿ ಆ ಜಾಗ ಯುನೆಸ್ಕೊ ಪಟ್ಟಿಗೆ ಸೇರಿತು. ಅರಮನೆಯವರು, ಸನ್ಯಾಸಿಗಳು, ಗಣಿ ಆಳುಗಳು ಎಲ್ಲರೂ ಏನೋ ಒಂದನ್ನು ಬಿಟ್ಟು ಹೋಗಿದ್ದಾರೆ. ಐವತ್ತು ಸಾವಿರದ ಆಸುಪಾಸಿನ ಜನ ಇರುವ ಈ ದ್ವೀಪದಲ್ಲಿ ಮೂವತ್ತಕ್ಕೂ ಹೆಚ್ಚು ನೋ ರಂಗಮಂಟಪಗಳು ಈಗಲೂ ಉಳಿದಿವೆ ಎಂದರೆ ನಂಬಬೇಕು. ನಮ್ಮಲ್ಲಿ ಒಂದು ತಾಲ್ಲೂಕಿಗೆ ಒಂದು ನೆಟ್ಟಗಿನ ರಂಗಮಂದಿರ ಇದ್ದರೆ ಹೆಚ್ಚು.

ನಾವು ಬಂದದ್ದು ಚಿನ್ನಕ್ಕಲ್ಲ, ನೋ ನಾಟಕಕ್ಕೂ ಅಲ್ಲ, ತೊಗಲಿಗೆ. ನಾನು ಸಾಗರದ ಕಡೆಯವನು. ಡೊಳ್ಳಿನ ಸದ್ದು ಎದೆಗೆ ಬಡಿಯುವಷ್ಟು ಹತ್ತಿರ ನಿಂತು ಬೆಳೆದವನು. ಗೆಳೆಯ ಕುಂದಾಪುರದವನು, ಟೋಕಿಯೊದಲ್ಲಿ ಸಾಫ್ಟ್‌ವೇರ್ ಕೆಲಸ. ಜಪಾನಿ ಭಾಷೆ ಸರಾಗವಾಗಿ ಆಡುತ್ತಾನೆ, ಆದರೆ ಚೆಂಡೆಯ ಸುದ್ದಿ ಬಂದರೆ ಮಾತ್ರ ಅಪ್ಪಟ ಕುಂದಾಪ್ರ ಕನ್ನಡಕ್ಕೆ ಇಳಿಯುತ್ತಾನೆ. ತೈಕೊ ಎಂಬ ಜಪಾನಿ ನಗಾರಿಯನ್ನು ಇಬ್ಬರೂ ವೀಡಿಯೊಗಳಲ್ಲಿ ನೋಡಿ ಬೆರಗಾಗಿದ್ದೆವು. ಆ ಸದ್ದನ್ನು ಲೋಕಕ್ಕೆಲ್ಲ ಮುಟ್ಟಿಸಿದ 'ಕೊದೊ' ತಂಡದ ಊರು ಸಾದೊ.

ಹಡಗು ರ್ಯೋತ್ಸು ಬಂದರಿಗೆ ತಾಗಿತು. ಅಲ್ಲಿಂದ ದ್ವೀಪವನ್ನು ಅಡ್ಡ ಸೀಳಿಕೊಂಡು ದಕ್ಷಿಣದ ಓಗಿಯತ್ತ ಹೊರಟೆವು. ಎರಡು ಬೆಟ್ಟಸಾಲುಗಳ ನಡುವೆ ಗದ್ದೆಬಯಲು, ಏಪ್ರಿಲ್ ತಿಂಗಳು, ಸಾಕುರ ಹೂವು. ಗದ್ದೆಯಲ್ಲೊಂದು ತೊಕಿ ಹಕ್ಕಿ ಕಂಡಿತು. ಜಪಾನಿನಲ್ಲೇ ಹುಟ್ಟಿದ ಕೊನೆಯ ತೊಕಿ 2003ರಲ್ಲಿ ಸತ್ತ ಮೇಲೆ, ಚೀನಾದಿಂದ ತಂದ ಹಕ್ಕಿಗಳ ಸಂತತಿಯನ್ನು ಇಲ್ಲೇ ಬೆಳೆಸಿ 2008ರಲ್ಲಿ ಮತ್ತೆ ಬಯಲಿಗೆ ಬಿಟ್ಟರಂತೆ. ಓಗಿಯ ದಡದಲ್ಲಿ ಹೆಂಗಸರು ದೊಡ್ಡ ಮರದ ಬಾನಿಯಂಥ ದೋಣಿಗಳಲ್ಲಿ ಪ್ರವಾಸಿಗರನ್ನು ಕೂರಿಸಿ ಹುಟ್ಟು ಹಾಕುತ್ತಿದ್ದರು. ಅದನ್ನೆಲ್ಲ ಬರೆಯಲು ಹೊರಟರೆ ಬೇರೆಯೇ ಲೇಖನವಾಗುತ್ತದೆ.

ಓಗಿಯ ಮೇಲಿನ ಗುಡ್ಡದಲ್ಲಿ 'ತತಾಕೊಕನ್' ಎಂಬ ತೈಕೊ ಕೇಂದ್ರವಿದೆ. ಯಾರು ಬೇಕಾದರೂ ಮೊದಲೇ ತಿಳಿಸಿ ಹೋಗಿ ಬಾರಿಸಬಹುದು. ಚಪ್ಪಲಿ ಕಳಚಿ ಒಳಗೆ ಕಾಲಿಟ್ಟರೆ ಮರದ ನೆಲ, ಮರದ ಗೋಡೆ, ಕಿಟಕಿಯಾಚೆ ಕಡಲು. ಒಳಗೆ ಆರುನೂರು ವರ್ಷದ ಕೆಯಾಕಿ ಮರದಿಂದ ಕೊರೆದ ಬೃಹತ್ ನಗಾರಿ. ಕೆಯಾಕಿ ಎಂದರೆ ಜಪಾನಿನ ಗಟ್ಟಿ ಜಾತಿಯ ಮರ, ಒಳ್ಳೆಯ ತೈಕೊಗಳಿಗೆಲ್ಲ ಅದೇ ಬೇಕು. ಹಲಗೆ ಜೋಡಿಸಿದ್ದಲ್ಲ, ಇಡೀ ದಿಮ್ಮಿಯ ಹೊಟ್ಟೆ ಬಗೆದು ಟೊಳ್ಳು ಮಾಡಿದ್ದು. ನಾನು ಅದರ ಮೈ ಸವರುತ್ತಾ ಒಂದು ಸುತ್ತು ಬಂದೆ. ಝೆಯಾಮಿ ಹಡಗಿನಿಂದ ಇಳಿದ ಕಾಲಕ್ಕೆ ಈ ಮರ ಎಲ್ಲೋ ಸಸಿಯಾಗಿ ನಿಂತಿದ್ದಿರಬೇಕು.

ನಮಗೆ ಕಲಿಸಲು ಬಂದವರು ನಡುವಯಸ್ಸಿನ ವೃತ್ತಿ ವಾದಕರು. ಸಣ್ಣ ಆಳು. ತೋಳು ನೋಡಿದರೆ ಪೈಲ್ವಾನರೆಂದು ಯಾರೂ ಹೇಳರು. "ಹೆಸರು ಬೇಡ, ತೈಕೊ ಬಗ್ಗೆ ಬರೆಯಿರಿ" ಎಂದರು. ಮೊದಲು ನಮ್ಮ ಕೈಗೆ ಕೋಲು ಕೊಟ್ಟು, ನಿಮಗೆ ತೋಚಿದಂತೆ ಬಾರಿಸಿ ಎಂದು ಪಕ್ಕಕ್ಕೆ ಸರಿದು ನಿಂತರು. ನಾವಿಬ್ಬರೂ ಊರಿನ ಮಾನ ಉಳಿಸುವವರ ಹಾಗೆ ಬಡಿದೆವು. ಅವರು ನಕ್ಕು, ನನ್ನ ಪಕ್ಕಕ್ಕೆ ಬಂದು, ಒಂದೇ ಒಂದು ಪೆಟ್ಟು ಹಾಕಿದರು. ತೋಳು ಮೇಲೆ ಹೋದದ್ದು ಕಂಡಿತು, ಇಳಿದದ್ದು ಕಾಣಲಿಲ್ಲ. ಸದ್ದು ನೆಲದೊಳಗಿಂದ ಅಂಗಾಲಿಗೆ ಬಂತು.

"ಇಷ್ಟು ಶಕ್ತಿ ಎಲ್ಲಿಂದ?" ಎಂಬುದೇ ನನ್ನ ಮೊದಲ ಪ್ರಶ್ನೆಯಾಯಿತು.

ಉತ್ತರಕ್ಕೆ ಬದಲು ಅವರು ನನ್ನ ಕೋಲಿನ ತುದಿ ಹಿಡಿದು ಎಳೆದರು. ಬರಲಿಲ್ಲ. ನಾನು ಅಷ್ಟು ಬಿಗಿಯಾಗಿ ಹಿಡಿದಿದ್ದೆ. "ನೀವು ಕೊಟ್ಟದ್ದನ್ನು ತೊಗಲು ವಾಪಸು ಕೊಡುತ್ತದೆ. ಅದನ್ನು ಇಸಕೊಳ್ಳಲು ಕೈಯಲ್ಲಿ ಜಾಗ ಬೇಡವೇ?" ಆಮೇಲೆ ನನ್ನ ನಿಲುವು ತಿದ್ದಿದರು. ಎಡಗಾಲು ಮುಂದೆ, ಬಲಗಾಲು ಹಿಂದೆ ಅಗಲಕ್ಕೆ, ಮೊಣಕಾಲು ಬಾಗಿ, ಸೊಂಟ ಕೆಳಗೆ. ಬಲವೆಲ್ಲ ಹುಟ್ಟುವುದು ಅಂಗಾಲಿನಲ್ಲಿ. ಅದು ತೊಡೆ, ಸೊಂಟ, ಬೆನ್ನು ದಾಟಿ ಹೆಗಲಿಗೆ ಬರುವಾಗ ನಡುವೆ ಎಲ್ಲಾದರೂ ಬಿಗಿತ ಇದ್ದರೆ ಅಲ್ಲೇ ಸೋರಿಹೋಗುತ್ತದೆ. ತೋಳು ಬರೀ ದಾರಿ. ತೋಳಿನ ಭಾರವನ್ನು ಬೀಳಲು ಬಿಡಬೇಕು, ಮಣಿಕಟ್ಟು ಕಟ್ಟಕಡೆಯ ಗಳಿಗೆಯಲ್ಲಿ ಮಾತ್ರ ಚುರುಕಾಗಬೇಕು. ಬಿದ್ದ ಕೋಲು ತೊಗಲಿನ ನಡುಮಧ್ಯಕ್ಕೆ ಮುಟ್ಟಿ ತಕ್ಷಣ ಮೇಲೇಳಬೇಕು. ಅಲ್ಲೇ ಒತ್ತಿ ಹಿಡಿದರೆ ಸದ್ದಿನ ಕುತ್ತಿಗೆ ಹಿಚುಕಿದ ಹಾಗೆ.

"ಎಲ್ಲರೂ ಇಳಿಯುವ ಕೈಯನ್ನು ನೋಡುತ್ತಾರೆ. ನಾವು ಅಭ್ಯಾಸ ಮಾಡುವುದು ಎತ್ತುವ ಕೈಯನ್ನು. ಸರಿಯಾಗಿ ಎತ್ತಿದರೆ ಇಳಿಸುವ ಕೆಲಸ ಭೂಮಿಯದು."

ಗೆಳೆಯ ಇದನ್ನು ಕನ್ನಡಕ್ಕೆ ತಂದು, ತಾನೇ ಸುಮ್ಮನಾದ. ಅವನು ಸುಮ್ಮನಾಗುವುದು ಅಪರೂಪ.

ದಿನಕ್ಕೆ ಎಷ್ಟು ಗಂಟೆ ಅಭ್ಯಾಸ ಎಂದು ಕೇಳಿದೆವು. ಸಂಗೀತಗಾರರು ಕಂಡಲ್ಲೆಲ್ಲ ಜನ ಕೇಳುವ ಪ್ರಶ್ನೆ. ಅವರು ಲೆಕ್ಕ ಹೇಳಲಿಲ್ಲ, ತಮ್ಮ ಶಿಷ್ಯವೃತ್ತಿಯ ಕಥೆ ಹೇಳಿದರು. ದ್ವೀಪದ ಕಾಕಿನೊಉರ ಎಂಬಲ್ಲಿ ಮುಚ್ಚಿಹೋದ ಶಾಲೆಯೊಂದರ ಹಳೆಯ ಕಟ್ಟಡವಿದೆ. ಕೊದೊ ಸೇರಬೇಕೆನ್ನುವ ಹುಡುಗ ಹುಡುಗಿಯರು ಅಲ್ಲಿ ಎರಡು ವರ್ಷ ಒಟ್ಟಿಗೆ ಇದ್ದು ಕಲಿಯುತ್ತಾರೆ. ನಸುಕಿನಲ್ಲಿ ಎದ್ದು ಕಸ ಗುಡಿಸುವುದು, ನೆಲ ಒರೆಸುವುದು, ಬೆಟ್ಟದ ದಾರಿಯಲ್ಲಿ ಓಡುವುದು. ಅಡುಗೆ ಅವರದೇ, ಗದ್ದೆಯ ನಾಟಿ ಕೊಯ್ಲೂ ಅವರದೇ. ಊಟದ ಕಡ್ಡಿಗಳನ್ನೂ ನಗಾರಿಯ ಕೋಲುಗಳನ್ನೂ ಮರ ಕೆತ್ತಿ ತಾವೇ ಮಾಡಿಕೊಳ್ಳುತ್ತಾರೆ. ಹಾಡು, ಕುಣಿತ, ಕೊಳಲು, ಚಹಾ ವಿಧಿ, ನೋ ಎಲ್ಲದರ ಪಾಠವೂ ಉಂಟು. ಟಿವಿ, ಮದ್ಯ, ಸಿಗರೇಟು, ಪ್ರೇಮ ಇವೆಲ್ಲ ಗೇಟಿನಾಚೆ. ಎರಡು ವರ್ಷ ಮುಗಿಸಿದವರಲ್ಲಿ ಕೆಲವರನ್ನಷ್ಟೇ ಆರಿಸಿ ಇನ್ನೊಂದು ವರ್ಷ ಪರೀಕ್ಷೆಗೆ ಇಡುತ್ತಾರೆ. ಅದನ್ನೂ ದಾಟಿದರೆ ತಂಡಕ್ಕೆ.

ಮತ್ತೊಂದು ನಿಯಮ ಕೇಳಿ ನಾನು ಕೂತಲ್ಲೇ ನೆಟ್ಟಗಾದೆ. ಬಲಗೈ ರೂಢಿಯವರು ಅಲ್ಲಿ ಎಡಗೈಯಲ್ಲಿ ಉಣ್ಣಬೇಕು! ಎರಡೂ ಕೈ ಒಂದೇ ಹದಕ್ಕೆ ಬರಲಿ ಎಂದು. ನಮ್ಮಜ್ಜಿ ಇದನ್ನು ಕೇಳಿದ್ದರೆ ಆ ಶಾಲೆಗೆ ಮಕ್ಕಳನ್ನು ಕಳಿಸುವುದಿರಲಿ, ಅದರ ಎದುರಿನ ದಾರಿಯಲ್ಲೂ ನಡೆಯಲು ಬಿಡುತ್ತಿರಲಿಲ್ಲ. "ಮೊದಮೊದಲು ಅನ್ನ ಬಾಯಿಗೆ ಮುಟ್ಟುವ ಹೊತ್ತಿಗೆ ಆರಿರುತ್ತಿತ್ತು. ಆದರೆ ಎಡಗೈಗೆ ತಾಳ್ಮೆ ಬಂದದ್ದು ಅಲ್ಲೇ" ಎಂದರು ಅವರು.

ಈ ವನವಾಸದ ಕಥೆಗಳನ್ನು ಕೇಳಿ ಕೈ ಮುಗಿಯುವುದು ಸುಲಭ. ನನಗೆ ಒಳಗೊಳಗೇ ಒಂದು ಅನುಮಾನ: ಕಷ್ಟಕ್ಕೇ ಬೆಲೆ ಕಟ್ಟುವ ಚಟ ಇದಲ್ಲವೇ? ಮನೆಯಲ್ಲಿ ಇದ್ದುಕೊಂಡು ಚೆನ್ನಾಗಿ ಬಾರಿಸುವವರಿಲ್ಲವೇ? ಕೇಳಿಯೇ ಬಿಟ್ಟೆ. ಅವರು ಬೇಸರಿಸಲಿಲ್ಲ. "ಇದ್ದಾರೆ, ನನಗಿಂತ ಚೆನ್ನಾಗಿ ಬಾರಿಸುವವರೂ ಇದ್ದಾರೆ. ಆದರೆ ನಾವು ಹತ್ತಾರು ಜನ ಒಟ್ಟಿಗೆ ಬಾರಿಸಬೇಕಲ್ಲ? ಒಬ್ಬರ ಉಸಿರು ಇನ್ನೊಬ್ಬರಿಗೆ ಗೊತ್ತಿರಬೇಕು. ಅದಕ್ಕೆ ಒಟ್ಟಿಗೆ ಓಡುವುದು, ಒಟ್ಟಿಗೆ ನೆಲ ಒರೆಸುವುದು." ಪೂರ್ತಿ ಒಪ್ಪಿಗೆಯಾಯಿತೆಂದು ಹೇಳಲಾರೆ. ಆದರೆ ಯಕ್ಷಗಾನ ಮೇಳದವರು ಒಂದೇ ಬಸ್ಸಿನಲ್ಲಿ ಊರೂರು ತಿರುಗುವುದನ್ನು ನೋಡಿದ್ದ ಗೆಳೆಯ ತಲೆದೂಗಿದ.

ನೋಡಿದರೆ ಸಾವಿರ ವರ್ಷದ ಸಂಪ್ರದಾಯ ಅನ್ನಿಸುವ ಈ ಸಂಗತಿಯಲ್ಲಿ ಅರ್ಧಕ್ಕರ್ಧ ಹೊಸದು. ಗುಡಿಗಳಲ್ಲಿ, ಹಬ್ಬಗಳಲ್ಲಿ ತೈಕೊ ಪುರಾತನವೇ, ಅನುಮಾನವಿಲ್ಲ. ಆದರೆ ಚಿಕ್ಕದು ದೊಡ್ಡದು ಹತ್ತಾರು ನಗಾರಿಗಳನ್ನು ಜೋಡಿಸಿ ವೇದಿಕೆಯ ಮೇಲೆ ಮೇಳ ಕಟ್ಟಿದ್ದು ಸುವಾ ಎಂಬ ಊರಿನ ಓಗುಚಿ ದಾಯಿಹಾಚಿ, 1951ರಲ್ಲಿ. ಆತ ಜಾಝ್ ಡ್ರಮ್ಮರ್! ಡ್ರಮ್ ಸೆಟ್ಟಿನಲ್ಲಿ ಒಬ್ಬನೇ ಮಾಡುವ ಕೆಲಸವನ್ನು ಹಲವರಿಗೆ ಹಂಚಿದ. 1971ರಲ್ಲಿ ದೆನ್ ತಗಯಾಸು ಎಂಬವರು ಪಟ್ಟಣದ ಹುಡುಗರನ್ನು ಸಾದೊಗೆ ಕರೆತಂದು 'ಒಂದೆಕೊಜಾ' ತಂಡ ಕಟ್ಟಿದರು. ಆ ತಂಡಕ್ಕೆ ಓಟ ಎಂದರೆ ಅರ್ಧ ಸಂಗೀತ. 1975ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನ್ ಓಡಿ ಮುಗಿಸಿ, ದಣಿದ ಮೈಯಲ್ಲೇ ನಗಾರಿ ಬಾರಿಸಿದರು. ತಂಡ ಒಡೆದ ಮೇಲೆ ದ್ವೀಪದಲ್ಲಿ ಉಳಿದವರು ಕೊದೊ ಎಂಬ ಹೆಸರಿಟ್ಟುಕೊಂಡು 1981ರಲ್ಲಿ ಬರ್ಲಿನ್‌ನಲ್ಲಿ ಮೊದಲ ಪ್ರದರ್ಶನ ಕೊಟ್ಟರು. 1988ರಿಂದ ಸಾದೊದಲ್ಲಿ ಅವರದೇ 'ಅರ್ಥ್ ಸೆಲೆಬ್ರೇಷನ್' ಉತ್ಸವ ನಡೆಯುತ್ತಿದೆ. ಗಡೀಪಾರಿನ ದ್ವೀಪಕ್ಕೆ ಈಗ ಜನ ತಾವಾಗಿಯೇ ಟಿಕೆಟ್ ಕೊಂಡು ಬರುತ್ತಾರೆ, ನಮ್ಮ ಹಾಗೆ.

ಹೊಸ ಪಾಠ ಹೇಗೆ ಕಲಿಯುತ್ತೀರಿ, ಬರೆದಿಟ್ಟುಕೊಳ್ಳುತ್ತೀರಾ ಎಂದು ಗೆಳೆಯ ಕೇಳಿದ. ಅವರು ಕೋಲು ಕೆಳಗಿಟ್ಟು ಬಾಯಲ್ಲಿ ಬಾರಿಸತೊಡಗಿದರು. ದೊಡ್ಡ ಪೆಟ್ಟಿಗೆ ದೊನ್, ಬೇಗಬೇಗ ಎರಡಾದರೆ ದೊಕೊ, ಅಂಚಿನ ಮರಕ್ಕೆ ಕ, ಎರಡಾದರೆ ಕರ, ಬಿಡುವಿಗೆ ಸು. "ಸು ಅಂದರೆ ಸುಮ್ಮನಿರುವುದಲ್ಲ. ಅದನ್ನೂ ಬಾರಿಸಬೇಕು, ಕೈ ಎತ್ತಿ." ಗೆಳೆಯನಿಗೆ ತಡೆಯಲಾಗಲಿಲ್ಲ. "ಎಂತ ಮಾರಾಯ, ಇದ್ ನಮ್ಮ ಬಾಯಿತಾಳವೇ ಅಲ್ದಾ!" ಎಂದವನೇ ಯಕ್ಷಗಾನದ ಬಾಯಿತಾಳ ಹೇಳಿ ತೋರಿಸಿದ. ನಾನು ಮೃದಂಗದ ಮಕ್ಕಳ ತ ದಿ ತೊಂ ನಂ ಸೇರಿಸಿದೆ. ಅವರು ಕಣ್ಣು ಮುಚ್ಚಿ ಕೇಳಿ, ನಮ್ಮ ನಾಲ್ಕು ಅಕ್ಷರಗಳನ್ನು ಒಮ್ಮೆ ಬಾಯಲ್ಲಿ ಆಡಿಸಿ, ನಗಾರಿಯ ಮೇಲೆ ಬಾರಿಸಿಬಿಟ್ಟರು. ದೊನ್ ಎನ್ನುವ ತೊಗಲಿಗೆ ತೊಂ ಎನ್ನಲು ಕಷ್ಟವೇನೂ ಆಗಲಿಲ್ಲ.

ಅಭ್ಯಾಸದಲ್ಲಿ ಅತಿ ಕಷ್ಟದ್ದು ಯಾವುದು? ವೇಗ ಎನ್ನುತ್ತಾರೆಂದು ಕಾದೆವು. "ನಿಧಾನ" ಎಂದರು. ಕನ್ನಡಿಯ ಮುಂದೆ ನಿಂತು ಬಲ, ಎಡ, ಬಲ, ಎಡ. ಎರಡೂ ಕೋಲು ಒಂದೇ ಎತ್ತರಕ್ಕೆ ಏರಬೇಕು, ಒಂದೇ ಬಣ್ಣದ ಸದ್ದು ಬರಬೇಕು. ವೇಗದಲ್ಲಿ ಸಣ್ಣಪುಟ್ಟ ಕೊರೆ ಮುಚ್ಚಿಹೋಗುತ್ತದೆ, ನಿಧಾನದಲ್ಲಿ ಅಡಗಲು ಜಾಗವಿಲ್ಲ. ಅಂಗೈಯ ಬೊಬ್ಬೆ ಎಲ್ಲಿ ಎದ್ದಿದೆ ಎಂದು ನೋಡಿದರೆ ಶಿಷ್ಯ ಕೋಲನ್ನು ಎಲ್ಲಿ ಅದುಮುತ್ತಿದ್ದಾನೆ ಎಂದು ಗುರುವಿಗೆ ತಿಳಿಯುತ್ತದಂತೆ. ತಮ್ಮ ಅಂಗೈ ಬಿಚ್ಚಿ ತೋರಿಸಿದರು. ಗಟ್ಟಿಕಟ್ಟಿದ ಚರ್ಮ ಇತ್ತು, ಆದರೆ ನಾನು ಊಹಿಸಿದ್ದಕ್ಕಿಂತ ಕಡಿಮೆ.

ಅದಕ್ಕೂ ಕಷ್ಟದ್ದು ಇನ್ನೊಂದಿದೆ ಎಂದು ಒಂದು ಶಿಮೆ ತೈಕೊ ಎದುರಿಗೆಳೆದುಕೊಂಡು ಮಂಡಿಯೂರಿ ಕೂತರು. ಬಿಗಿಯಾಗಿ ಎಳೆದು ಕಟ್ಟಿದ ಪುಟ್ಟ ನಗಾರಿ, ಗಂಟಲು ಕೀರಲು. ಸಂಗೀತ ರಚನಕಾರ ಇಶಿಯಿ ಮಾಕಿ 1976ರಲ್ಲಿ ಆ ಮೊದಲ ತಂಡಕ್ಕಾಗಿ 'ಮೊನೊಕ್ರೋಮ್' ಎಂಬ ರಚನೆ ಮಾಡಿದ್ದರು. ಅದರ ಆರಂಭ ಕಿವಿಗೆ ಕೇಳೀತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ. ಅವರು ಕೋಲಿನ ತುದಿಗಳನ್ನು ತೊಗಲಿಗೆ ಕೂದಲೆಳೆಯಷ್ಟು ಹತ್ತಿರ ತಂದರು. ಬಾರಿಸುತ್ತಿದ್ದಾರೋ ಇಲ್ಲವೋ ತಿಳಿಯಲಿಲ್ಲ. ಕೋಲು ಅಲುಗುತ್ತಿದೆ, ಸದ್ದಿಲ್ಲ. ನಾವಿಬ್ಬರೂ ಅರಿವಿಲ್ಲದೆ ಮುಂದಕ್ಕೆ ಬಾಗಿದ್ದೆವು. ಆಮೇಲೆ ಯಾವಾಗಲೋ ಅದು ಇತ್ತು. ಯಾವ ಗಳಿಗೆಯಲ್ಲಿ ಶುರುವಾಯಿತೆಂದು ಕೇಳಿದರೆ ಹೇಳಲಾರೆ. ಒಂದೊಂದು ಪೆಟ್ಟೂ ಬಿಡಿಬಿಡಿ, ಒಂದು ಇನ್ನೊಂದಕ್ಕಿಂತ ದಪ್ಪವಲ್ಲ, ಆದರೂ ಒಟ್ಟು ಸದ್ದು ಮಾತ್ರ ಏರುತ್ತಲೇ ಇದೆ. ಮೈಕಿಲ್ಲ, ಯಂತ್ರವಿಲ್ಲ, ಬರೀ ಎರಡು ಮರದ ಕಡ್ಡಿ. ಕಿವಿ ತುಂಬಿ, ಕೋಣೆ ತುಂಬಿ, ಕಿಟಕಿಯ ಗಾಜು ಗುಂಯ್ ಎನ್ನುವವರೆಗೆ ಏರಿಸಿ, ಬಂದ ಮೆಟ್ಟಿಲುಗಳಲ್ಲೇ ಮತ್ತೆ ಇಳಿದರು. ಕೊನೆಯ ಪೆಟ್ಟು ಯಾವುದೆಂದು ಅದೂ ತಿಳಿಯಲಿಲ್ಲ. ಬೃಹತ್ ನಗಾರಿ ನೋಡಲು ಅಷ್ಟು ದೂರದಿಂದ ಬಂದವನಿಗೆ ದ್ವೀಪದ ಅತ್ಯಂತ ದೊಡ್ಡ ಅಚ್ಚರಿ ಕಾದಿದ್ದದ್ದು ಅಲ್ಲಿನ ಅತ್ಯಂತ ಸಣ್ಣ ನಗಾರಿಯಲ್ಲಿ!

"ಗಟ್ಟಿಯಾಗಿ ಬಾರಿಸಲು ಕೈ ಸಡಿಲ ಬೇಕೆಂದೆನಲ್ಲ, ಮೆಲ್ಲಗೆ ಬಾರಿಸಲು ಅದಕ್ಕಿಂತ ಸಡಿಲ ಬೇಕು. ಮೈಯೆಲ್ಲ ಓಡಬೇಕು ಅನ್ನುತ್ತಿರುತ್ತದೆ. ಅದನ್ನು ಹೊಟ್ಟೆಯಲ್ಲಿ ತಡೆದು ಹಿಡಿಯಬೇಕು, ಕೈಗೆ ಗೊತ್ತಾಗದ ಹಾಗೆ."

ಹೊಟ್ಟೆಯ ಮಾತು ಬಂದದ್ದರಿಂದ ಚಿಚಿಬು ಊರಿನ ಹಬ್ಬದ ಬಾರಿಕೆಯನ್ನೂ ತೋರಿಸಿದರು. ಅಲ್ಲಿ ತೇರಿನ ಒಳಗೆ ಇಕ್ಕಟ್ಟಿನಲ್ಲಿ ಕೂತು ಬಾರಿಸುವ ರೂಢಿಯಿಂದ ಹುಟ್ಟಿದ್ದನ್ನು ವೇದಿಕೆಗೆ ತಂದಿದ್ದಾರೆ. ನೆಲದ ಮೇಲೆ ಕಾಲು ಚಾಚಿ, ನಗಾರಿಯನ್ನು ತೊಡೆಗಳ ನಡುವೆ ಇಟ್ಟುಕೊಂಡು, ಬೆನ್ನನ್ನು ಹಿಂದಕ್ಕೆ ಅರ್ಧ ಮಲಗಿಸಿ, ಅದೇ ಭಂಗಿಯಲ್ಲಿ ನಿಮಿಷಗಟ್ಟಲೆ ಬಾರಿಸುವುದು. ಗೆಳೆಯ ಪ್ರಯತ್ನಿಸಿದ. ಅವನ ಸಾಫ್ಟ್‌ವೇರ್ ಹೊಟ್ಟೆ ಅದಕ್ಕೆ ಒಪ್ಪಲಿಲ್ಲ.

ಇನ್ನು ಓ-ದಾಯಿಕೊ, ಅಂದರೆ ಪೀಠದ ಮೇಲೆ ಏರಿಸಿಟ್ಟ ಬೃಹತ್ ನಗಾರಿ. ಸಭೆಗೆ ಬೆನ್ನು ಹಾಕಿ, ಕೌಪೀನದಂಥದೊಂದು ತುಂಡು ಬಟ್ಟೆಯಲ್ಲಿ ನಿಂತು, ತಲೆಗಿಂತ ಎತ್ತರದಲ್ಲಿ ಬಾರಿಸುವ ಚಿತ್ರ ಎಲ್ಲರೂ ನೋಡಿದ್ದೇ. ನಮ್ಮ ಡೊಳ್ಳಿನವನು ನಗಾರಿಯನ್ನು ಕೊರಳಿಗೆ ಹಾಕಿಕೊಂಡು ಅದರೊಡನೆ ಜಿಗಿಯುತ್ತಾನೆ. ಇಲ್ಲಿ ನಗಾರಿ ಅಲ್ಲಾಡದು, ಮನುಷ್ಯನೇ ಅದರ ಎದುರು ಹೋಗಿ ನಿಲ್ಲಬೇಕು. ಕೈ ಅಷ್ಟು ಹೊತ್ತು ಮೇಲಿದ್ದರೆ ನೋಯುವುದಿಲ್ಲವೇ? "ನೋಯುತ್ತದೆ. ಅದಕ್ಕೇ ಪ್ರತಿ ಪೆಟ್ಟಿನ ಒಳಗೇ ಒಂದು ವಿಶ್ರಾಂತಿ ಹುಡುಕಿಕೊಳ್ಳಬೇಕು. ಕೈ ಮೇಲೆ ಮುಟ್ಟಿದ ಕ್ಷಣ ಅದು ಯಾರ ಕೈಯೂ ಅಲ್ಲ. ಆಗ ಉಸಿರು." ಅಷ್ಟು ದೊಡ್ಡ ತೊಗಲಿನ ಮೇಲೆ ನಾನೂ ನಾಲ್ಕು ಪೆಟ್ಟು ಹಾಕಿದೆ. ಮೊದಲ ಪೆಟ್ಟಿನ ಗುಂಗು ಮುಗಿಯುವ ಮುಂಚೆ ಎರಡನೆಯದು ಬಿದ್ದರೆ ಎರಡೂ ಕೆಡುತ್ತವೆ ಎಂದು ಕೈಗೇ ತಿಳಿಯಿತು, ಯಾರೂ ಹೇಳಬೇಕಾಗಲಿಲ್ಲ.

ಏಪ್ರಿಲ್ 15ರ ಆಸುಪಾಸಿನಲ್ಲಿ ಸಾದೊದ ಹಳ್ಳಿಹಳ್ಳಿಗಳಲ್ಲಿ ಹಬ್ಬ. ರಾಕ್ಷಸ ಮುಖವಾಡ ತೊಟ್ಟು, ಕೂದಲು ಕೆದರಿ ಕುಣಿಯುವ ವೇಷ, ಅದರ ಜೊತೆಗೆ ನಗಾರಿ. ಮನೆಮನೆಗೆ ಹೋಗಿ ಕೆಡುಕನ್ನು ಓಡಿಸುವ ಸಂಪ್ರದಾಯ. ಒಂದೆಕೊ ಎನ್ನುತ್ತಾರೆ, ಆ ಮೊದಲ ತಂಡ ಹೆಸರು ತೆಗೆದುಕೊಂಡದ್ದು ಇದರಿಂದಲೇ. "ನನ್ನನ್ನು ಕೇಳಿದ್ದು ಸಾಕು, ಅವರನ್ನೂ ಕೇಳಿ" ಎಂದು ನಮ್ಮ ಗುರುಗಳೇ ದಾರಿ ತೋರಿಸಿದರು.

ಮರುದಿನ ಗದ್ದೆ ಬದಿಯ ಹಳ್ಳಿಯೊಂದರಲ್ಲಿ ಆ ಗುಂಪು ಸಿಕ್ಕಿತು. ಅಂಗಳದಲ್ಲಿ ರಾಕ್ಷಸ ನಗಾರಿಯ ಸುತ್ತ ಕುಣಿಯುತ್ತಿದ್ದಾನೆ, ಮನೆಯವರು ಸಾಕೆ ಎಂಬ ಅಕ್ಕಿಯ ಮದ್ಯ ತುಂಬಿದ ಬಟ್ಟಲು ಹಿಡಿದು ಕಾಯುತ್ತಿದ್ದಾರೆ, ಮಗುವೊಂದು ವೇಷ ನೋಡಿ ಕಿಟಾರನೆ ಕಿರುಚಿ ಅಜ್ಜನ ಕಾಲು ತಬ್ಬಿಕೊಂಡಿದೆ. ಬಾರಿಸುತ್ತಿದ್ದವನು ಮೂವತ್ತರ ಆಸುಪಾಸಿನ ಆಳು, ಕುಡಿದು ಮುಖ ಕೆಂಪಾಗಿದೆ. ಕೋಲಿನ ಮೇಲಿನ ಹಿಡಿತ ಮಾತ್ರ ಸಡಿಲ. ಕೈ ಏರುವಾಗ ಅವಸರವಿಲ್ಲ. ನಾನು ಗೆಳೆಯನ ಪಕ್ಕೆಗೆ ತಿವಿದೆ. ಅವನೂ ನೋಡಿದ್ದ.

ಬಿಡುವಿನಲ್ಲಿ ಹೋಗಿ ಮಾತಾಡಿಸಿದೆವು. ವಿದ್ಯುತ್ ರಿಪೇರಿ ಕೆಲಸದವನಂತೆ. ಎಷ್ಟು ಅಭ್ಯಾಸ ಮಾಡುತ್ತೀರಿ, ಎಡಗೈಯನ್ನು ಹೇಗೆ ಪಳಗಿಸಿದಿರಿ, ನಿಲುವು ಯಾರು ಕಲಿಸಿದರು ಎಂದು ಗೆಳೆಯ ಒಂದೇ ಉಸಿರಿಗೆ ಕೇಳಿದ. ಆತ ನಮ್ಮಿಬ್ಬರ ಮುಖವನ್ನೂ ನೋಡಿದ. "ಅಭ್ಯಾಸವೇ? ಹಬ್ಬದ ಮುಂಚೆ ಕೆಲವು ರಾತ್ರಿ ಎಲ್ಲ ಸೇರುತ್ತೇವೆ. ಅಪ್ಪ ಹೀಗೇ ಬಾರಿಸುತ್ತಿದ್ದರು" ಎಂದ. ಅಷ್ಟರಲ್ಲಿ ಯಾರೋ ಕೂಗಿದರು. ಇನ್ನೂ ಮನೆಗಳು ಬಾಕಿ ಇದ್ದವು. ಆತ ಬಟ್ಟಲು ಬರಿದು ಮಾಡಿ, ಕೋಲುಗಳನ್ನು ಸೊಂಟಕ್ಕೆ ಸಿಕ್ಕಿಸಿ, ನಗಾರಿಯ ಒಂದು ಬದಿಗೆ ಹೆಗಲು ಕೊಟ್ಟ. ಇನ್ನೊಂದು ಬದಿಗೆ ಆಳು ಸಾಲದೆ ನನ್ನತ್ತ ಕೈ ಮಾಡಿ ಕರೆದ.